ಪ್ಲಗ್ಗು ಕೂತಿತು, ವೈರು ತಾಳೀತೆ?

ಹಾಸನದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಎರಡು ವರ್ಷದಿಂದ ಒಂದು ಎಲೆಕ್ಟ್ರಿಕ್ ಸ್ಕೂಟರ್ ಇದೆ. ಕಳೆದ ಯುಗಾದಿಗೆ ಎಲೆಕ್ಟ್ರಿಕ್ ಕಾರೂ ಬಂತು. ಸ್ಕೂಟರಿನ ಚಾರ್ಜರಿಗೆ ಚಿಕ್ಕ ಮೂರು ಪಿನ್ನಿನ ಪ್ಲಗ್ಗು. ಕಾರಿನ ಜೊತೆ ಬಂದ ಕೇಬಲ್ಲಿಗೆ ದಪ್ಪ ಮೂರು ಪಿನ್ನಿನ ಪ್ಲಗ್ಗು. ಪೋರ್ಟಿಕೋದ ಗೋಡೆಯಲ್ಲಿ ಇದ್ದದ್ದು ಚಿಕ್ಕ ಸಾಕೆಟ್ಟು ಒಂದೇ. ಅದೂ ಮನೆ ಕಟ್ಟಿಸುವಾಗ ದೀಪಾವಳಿಯ ಸೀರಿಯಲ್ ಸೆಟ್ಟಿಗೆಂದು ಹಾಕಿಸಿದ್ದು. ಭಾವ ಪೇಟೆಗೆ ಹೋಗಿ, ದಪ್ಪ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಒಂದನ್ನು ತಂದರು. ಪ್ಲಗ್ಗು ಕೂತಿತು. ಕಾರು ಚಾರ್ಜ್ ಆಯಿತು. ಹತ್ತು ದಿನ ಯಾವ ತಕರಾರೂ ಇಲ್ಲ.

ಹನ್ನೊಂದನೆಯ ರಾತ್ರಿ, ಅಕ್ಕನ ಮಗಳು ಸಿಇಟಿಗೆ ಓದುತ್ತ ಎಚ್ಚರವಾಗಿದ್ದಳು. ಹನ್ನೆರಡೂವರೆಯ ಹೊತ್ತಿಗೆ ಒಣಮೀನು ಸುಟ್ಟಂಥ ವಾಸನೆ ಬಂತು. ಆ ಮನೆಯಲ್ಲಿ ಮೀನು ತರುವವರಿಲ್ಲ. ಎದ್ದು ಬಂದು ಬಾಗಿಲು ತೆರೆದು ನೋಡಿದರೆ ಅಡಾಪ್ಟರ್ ಕಂದುಬಣ್ಣಕ್ಕೆ ತಿರುಗಿ, ಒಂದು ಮಗ್ಗುಲು ಮೆತ್ತಗಾಗಿ ಜೋತುಬಿದ್ದಿತ್ತು. ಅದನ್ನು ಕೀಳಲು ಕೈ ಚಾಚಿದವಳು ಯಾಕೋ ಹಿಂದೆಗೆದಳು. ಒಳಗೆ ಓಡಿ ಮೇನ್ ಬೋರ್ಡಿನ ಎಂಸಿಬಿಯನ್ನು ಕೆಳಗೆ ಒತ್ತಿದಳು. ಆಮೇಲೆ ಅಪ್ಪನನ್ನು ಎಬ್ಬಿಸಿದಳು.

ಬೆಳಿಗ್ಗೆ ಭಾವನ ಫೋನು ಬಂತು. "ಕಳಪೆ ಮಾಲು ಕೊಟ್ಟಿದಾನೆ ಕಣಯ್ಯ. ಒಳ್ಳೇ ಕಂಪನೀದು ಎಲ್ಲಿ ಸಿಗುತ್ತೆ ಹೇಳು." ಅಷ್ಟರಲ್ಲಿ ಹುಡುಗಿ ಫೋನು ಕಸಿದುಕೊಂಡಳು. "ಮಾಮ, ಅಡಾಪ್ಟರ್ ಕೆಟ್ಟದ್ದಾ, ಇಲ್ಲಾ ಅದನ್ನ ಹಾಕಿದ್ದೇ ತಪ್ಪಾ? ಎಂಸಿಬಿ ಯಾಕೆ ತಾನಾಗೇ ಬೀಳ್ಲಿಲ್ಲ?"

ಒಳ್ಳೆಯ ಪ್ರಶ್ನೆಗಳು. ಸ್ಕೂಟರ್ ಒಂದು ಕಂಪನಿಯದು, ಕಾರು ಇನ್ನೊಂದು ಕಂಪನಿಯದು, ಗೋಡೆಯ ಸಾಕೆಟ್ಟು ಅಜ್ಜನ ಕಾಲದ್ದು – ಹೀಗಿರುವ ಮನೆಗಳು ಈಗ ಪ್ರತಿ ಬೀದಿಯಲ್ಲೂ ಇವೆ. ಈ ವಾರ ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ಕಾವಲುಗಾರನನ್ನು ಕಳಿಸಿಬಿಟ್ಟರೆ

ಅಡಾಪ್ಟರ್ ನಮಗೆ ಹೊಸದೇನಲ್ಲ. ಬಲ್ಬಿನ ಹೋಲ್ಡರಿಗೆ ಸಿಕ್ಕಿಸುವ ಪ್ಲಗ್ಗಿನಿಂದ ಇಸ್ತ್ರಿಪೆಟ್ಟಿಗೆ ನಡೆಸಿದ ಮನೆಗಳನ್ನು ನಿಮ್ಮ ತಂದೆತಾಯಿ ನೋಡಿರುತ್ತಾರೆ. ಹೋಲ್ಡರು ಕರಕಲಾದದ್ದನ್ನೂ ನೋಡಿರುತ್ತಾರೆ.

ನಮ್ಮ ಗುಂಡು ಪಿನ್ನಿನ ಪ್ಲಗ್ಗುಗಳು ಬ್ರಿಟನ್ನಿನಿಂದ ಬಂದವು. ಅಲ್ಲಿ 1934ರಲ್ಲಿ ಪ್ರಕಟವಾದ ಮಾನಕವೊಂದು ಇವುಗಳ ಅಳತೆಯನ್ನು ಗೊತ್ತುಮಾಡಿತ್ತು. ಬ್ರಿಟಿಷರು 1947ರಲ್ಲಿ ಚಪ್ಪಟೆ ಪಿನ್ನಿನ ಹೊಸ ಮಾನಕ ತಂದು ಕ್ರಮೇಣ ಅದಕ್ಕೆ ಬದಲಾದರು. ನಾವು ಗುಂಡು ಪಿನ್ನನ್ನೇ ಉಳಿಸಿಕೊಂಡೆವು. ಇಂದು ಭಾರತೀಯ ಮಾನಕ 1293ರ ಪ್ರಕಾರ ಮನೆಗಳಲ್ಲಿ ಎರಡು ಬಗೆಯವು ಬಳಕೆಯಲ್ಲಿವೆ. ಚಿಕ್ಕದು 6 ಆಂಪಿಯರಿನದು, ದಪ್ಪದ್ದು 16 ಆಂಪಿಯರಿನದು. ಹಳೆಯ ಮನೆಗಳಲ್ಲಿ ಇವನ್ನು 5 ಮತ್ತು 15 ಎಂದು ಕರೆಯುವ ರೂಢಿ.

ದಪ್ಪ ಪ್ಲಗ್ಗು ಚಿಕ್ಕ ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಇದು ನಮಗೆ ಕಿರಿಕಿರಿಯಾಗಿ ಕಾಣುತ್ತದೆ. ಆದರೆ ಅಳತೆ ಗೊತ್ತುಮಾಡಿದವರು ಬೇಕೆಂದೇ ಹಾಗೆ ಮಾಡಿದ್ದಾರೆ. 'ಇಷ್ಟು ದೊಡ್ಡ ಹೊರೆಯನ್ನು ಈ ದಾರಿಯಲ್ಲಿ ಒಯ್ಯಬೇಡ' ಎಂದು ಬಾಗಿಲಲ್ಲಿ ನಿಂತು ಹೇಳುವ ಕಾವಲುಗಾರ ಅದು. ಭಾವ ತಂದ ಅಡಾಪ್ಟರ್ ಮಾಡಿದ್ದು ಒಂದೇ ಕೆಲಸ: ಕಾವಲುಗಾರನನ್ನು ಮನೆಗೆ ಕಳಿಸಿದ್ದು. ಗೋಡೆಯೊಳಗಿನ ಸಾಕೆಟ್ಟಿನ ಹಿತ್ತಾಳೆ ಪಟ್ಟಿ ಅಷ್ಟೇ ತೆಳ್ಳಗಿತ್ತು, ವೈರೂ ಅಷ್ಟೇ ಸಣ್ಣದಿತ್ತು.

ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಡಾಪ್ಟರ್ ಆಕಾರವನ್ನು ಬದಲಿಸುತ್ತದೆ, ಸಾಮರ್ಥ್ಯವನ್ನು ಬದಲಿಸುವುದಿಲ್ಲ.

ಪೆನ್ಸಿಲ್ ಹಿಡಿಯಿರಿ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ವಿದ್ಯುತ್ತು. ಒಂದು ಉಪಕರಣ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ತಿಳಿಯಲು ಅದರ ವ್ಯಾಟನ್ನು 230ರಿಂದ ಭಾಗಿಸಿದರಾಯಿತು. 750 ವ್ಯಾಟಿನ ಸ್ಕೂಟರ್ ಚಾರ್ಜರ್ ಸುಮಾರು 3.3 ಆಂಪಿಯರ್ ಎಳೆಯುತ್ತದೆ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ 4.3. 2000 ವ್ಯಾಟಿನ ಗೀಸರ್ 8.7. ಕಾರಿನ ಜೊತೆ ಬರುವ 3300 ವ್ಯಾಟಿನ ಚಾರ್ಜರ್ 14.3. ಗೋಡೆಗೆ ಹಾಕಿಸುವ 7200 ವ್ಯಾಟಿನ ಪೆಟ್ಟಿಗೆ 31.3.

ಈಗ ನೋಡಿ. 6 ಆಂಪಿಯರ್ ಸಾಕೆಟ್ಟಿಗೆ ಸ್ಕೂಟರ್ ಹೊರೆಯೇ ಅಲ್ಲ. ಕಾರು ಮಾತ್ರ ಅದರ ಶಕ್ತಿಯ ಎರಡು ಪಟ್ಟಿಗೂ ಮೀರಿದ್ದು.

ಇಷ್ಟೇ ಆಗಿದ್ದರೆ ಒಂದು ಮಾತು. ವಿದ್ಯುತ್ತು ಹರಿಯುವಾಗ ಹುಟ್ಟುವ ಶಾಖ, ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೀರಿ. ಅದೇ ಜೌಲನ ನಿಯಮ. ಸ್ಕೂಟರಿಗಿಂತ ಕಾರು ಎಳೆಯುವುದು ಸುಮಾರು 4.4 ಪಟ್ಟು ಹೆಚ್ಚು ಪ್ರವಾಹ. ಆದರೆ ಅದೇ ಸಾಕೆಟ್ಟಿನಲ್ಲಿ ಹುಟ್ಟುವ ಶಾಖ ಸುಮಾರು 19 ಪಟ್ಟು! ಪಿನ್ನು ಮತ್ತು ಹಿತ್ತಾಳೆ ಪಟ್ಟಿ ಕೂಡುವ ಜಾಗದಲ್ಲಿ ಓಮ್‌ನ ಹತ್ತನೆಯ ಒಂದು ಭಾಗದಷ್ಟು ರೋಧ ಇದ್ದರೂ, ಕಾರು ಚಾರ್ಜ್ ಆಗುವಾಗ ಅಲ್ಲಿ 20 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಾಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಅಂಥದ್ದೊಂದನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಗೋಡೆಯಲ್ಲಿ ಮುಚ್ಚಿಟ್ಟ ಹಾಗೆ.

ಇದಕ್ಕೆ ಹೊತ್ತನ್ನೂ ಸೇರಿಸಿ. ಗೀಸರ್ ಅರ್ಧ ಗಂಟೆ ಉರಿದು ಸುಮ್ಮನಾಗುತ್ತದೆ. ಸಾಕೆಟ್ಟಿಗೆ ಆರಲು ಬಿಡುವು ಸಿಗುತ್ತದೆ. 30 ಯೂನಿಟ್ ಹಿಡಿಸುವ ಬ್ಯಾಟರಿಯನ್ನು 3300 ವ್ಯಾಟಿನಲ್ಲಿ ಪೂರ್ತಿ ತುಂಬಲು ಒಂಬತ್ತು ಹತ್ತು ಗಂಟೆ ಬೇಕು. ಅಷ್ಟು ಹೊತ್ತೂ ಅದೇ ಹೊರೆ, ಬಿಡುವೇ ಇಲ್ಲ. ಅದೂ ಮನೆಯವರೆಲ್ಲ ಮಲಗಿರುವ ಹೊತ್ತಿನಲ್ಲಿ.

ಹತ್ತು ದಿನ ಏನೂ ಆಗದೆ ಹನ್ನೊಂದನೆಯ ದಿನ ಯಾಕಾಯಿತು? ಬಿಸಿಯಾದ ಹಿತ್ತಾಳೆ ಪಟ್ಟಿ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಬಿಗಿ ಕಡಿಮೆಯಾದರೆ ರೋಧ ಹೆಚ್ಚು. ರೋಧ ಹೆಚ್ಚಾದರೆ ಬಿಸಿ ಇನ್ನಷ್ಟು ಹೆಚ್ಚು. ದಿನದಿನಕ್ಕೂ ಬಡ್ಡಿ ಬೆಳೆದು ಕೊನೆಗೆ ಅಸಲನ್ನೇ ನುಂಗುವ ಸಾಲದಂತೆ ಇದು. 'ಹತ್ತು ದಿನದಿಂದ ಹಾಕ್ತಾ ಇದೀವಿ, ಏನಾಗಿದೆ?' ಎನ್ನುವ ಮಾತು ಧೈರ್ಯಕ್ಕೆ ಆಧಾರವಲ್ಲ.

ಎಂಸಿಬಿ ಬೀಳದ್ದೂ ಹೀಗೆಯೇ. ಆ ಸಾಲಿಗೆ ಹಾಕಿದ್ದದ್ದು 16 ಆಂಪಿಯರಿನ ಎಂಸಿಬಿ. ಕಾರು ಎಳೆಯುತ್ತಿದ್ದದ್ದು 14.3. ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿ! ಅದು ಹರಿಯುವ ಪ್ರವಾಹವನ್ನು ಮಾತ್ರ ಅಳೆಯುತ್ತದೆ. ಪೋರ್ಟಿಕೋದಲ್ಲಿ ಏನು ಕರಗುತ್ತಿದೆ ಎಂಬುದು ಅದಕ್ಕೆ ತಿಳಿಯದು. ಕೆಲವು ಕಂಪನಿಗಳ ಕಾರಿನ ಪ್ಲಗ್ಗಿನಲ್ಲಿ ಬಿಸಿಯನ್ನು ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಮಧ್ಯೆ ಅಡಾಪ್ಟರ್ ಹಾಕಿದರೆ ಅದೂ ನಿರುಪಯೋಗಿ. ಬಿಸಿ ಹುಟ್ಟುವುದು ಅಡಾಪ್ಟರಿನ ಆಚೆ ತುದಿಯಲ್ಲಿ, ಸೆನ್ಸರ್ ಇರುವುದು ಈಚೆ ತುದಿಯಲ್ಲಿ.

ಉದ್ದ ಪಿನ್ನಿನ ಗುಟ್ಟು

ಮೂರು ಪಿನ್ನಿನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಅದು ಅರ್ತ್, ಅಂದರೆ ಭೂಸಂಪರ್ಕದ ಪಿನ್ನು. ಪ್ಲಗ್ಗು ಹಾಕುವಾಗ ಎಲ್ಲಕ್ಕಿಂತ ಮೊದಲು ಕೂಡಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂದೇ ಉದ್ದ. ಬೇರೆ ತೂತಿಗೆ ತಪ್ಪಿಯೂ ಹೋಗಬಾರದೆಂದೇ ದಪ್ಪ. ವಾಹನದೊಳಗೆ ಎಲ್ಲಾದರೂ ವೈರು ಸವೆದು ಲೋಹದ ಮೈಗೆ ತಗುಲಿದರೆ, ಆ ವಿದ್ಯುತ್ತು ಮುಟ್ಟಿದವರ ಮೈಮೂಲಕ ಹೋಗದೆ ಭೂಮಿಗೆ ಹೋಗಲಿ ಎಂಬುದು ಇದರ ಉದ್ದೇಶ.

ಮೂರು ಪಿನ್ನನ್ನು ಎರಡು ಪಿನ್ನಿನ ತೂತಿಗೆ ಹೊಂದಿಸುವ ಅಡಾಪ್ಟರ್ ಈ ರಕ್ಷಣೆಯನ್ನು ಪೂರ್ತಿ ಕಳಚಿಹಾಕುತ್ತದೆ. ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ವಾಹನ ಮುಟ್ಟುವ ನಮ್ಮ ಮನೆಗಳಲ್ಲಿ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಇನ್ನೂ ಒಂದು ಚಾಳಿ ಇದೆ. ಮನೆಯ ಅರ್ತ್ ಸರಿಯಿಲ್ಲದಿದ್ದರೆ ಕಾರಿನ ಕೇಬಲ್ಲಿನಲ್ಲಿರುವ ಪೆಟ್ಟಿಗೆ ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಆಗ ಕೆಲವರು ಅಡಾಪ್ಟರಿನೊಳಗೆ ನ್ಯೂಟ್ರಲ್ಲನ್ನೂ ಅರ್ತನ್ನೂ ಒಂದು ತುಂಡು ವೈರಿನಿಂದ ಸೇರಿಸಿಬಿಡುತ್ತಾರೆ. ದೀಪ ಹಸಿರಾಗುತ್ತದೆ, ಎಲ್ಲರಿಗೂ ಖುಷಿ. ಆದರೆ ಎಂದಾದರೊಂದು ದಿನ ಆ ನ್ಯೂಟ್ರಲ್ ವೈರು ಎಲ್ಲೋ ಕಡಿದುಕೊಂಡರೆ ಕಾರಿನ ಇಡೀ ಮೈಗೆ 230 ವೋಲ್ಟ್ ಏರುತ್ತದೆ. ಪೆಟ್ಟಿಗೆ 'ಇಲ್ಲ' ಎಂದಾಗ ಅದರ ಬಾಯಿ ಮುಚ್ಚಿಸಬೇಡಿ. ವೈರ್‌ಮನ್‌ನನ್ನು ಕರೆಸಿ ಅರ್ತ್ ಸರಿಪಡಿಸಿ.

ಕಾರೂ ಗೋಡೆಯೂ ಮಾತಾಡುವ ಭಾಷೆ

ಇಷ್ಟು ಹೊತ್ತು ಗೋಡೆಯ ಕಡೆಯ ಅಡಾಪ್ಟರ್ ಮಾತಾಯಿತು. ಇನ್ನು ವಾಹನದ ಕಡೆಯದು.

ಬೆಂಗಳೂರಿನಲ್ಲೇ ತಯಾರಾದ ಪುಟ್ಟ ರೇವಾ ಕಾರು 2001ರಲ್ಲಿ ರಸ್ತೆಗೆ ಬಂದಾಗ ಈ ತಾಪತ್ರಯವಿರಲಿಲ್ಲ. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ ಮುಗಿಯಿತು. ಆಮೇಲೆ ಬ್ಯಾಟರಿಗಳು ದೊಡ್ಡವಾದವು, ದೇಶಕ್ಕೊಂದು ಆಕಾರದ ಕೊಂಡಿ ಹುಟ್ಟಿತು. ಜಪಾನು ಮತ್ತು ಅಮೆರಿಕದಲ್ಲಿ ಐದು ಪಿನ್ನಿನ ಟೈಪ್ 1 ಬಂತು. ಯುರೋಪು ಏಳು ಪಿನ್ನಿನ ಟೈಪ್ 2 ಆರಿಸಿಕೊಂಡಿತು. ಚೀನಾ ತನ್ನದೇ ಮಾಡಿಕೊಂಡಿತು. ನಮ್ಮಲ್ಲಿ ಈಗ ಮಾರಾಟವಾಗುವ ಕಾರುಗಳಲ್ಲಿ ಮನೆಯ ಚಾರ್ಜಿಂಗಿಗೆ ಟೈಪ್ 2 ರೂಢಿಯಾಗಿದೆ. ಸ್ಕೂಟರುಗಳಲ್ಲಿ ಮಾತ್ರ ಕಂಪನಿಗೊಂದು ಬಗೆ. ಈ ಗೋಜಲು ಬಿಡಿಸಲು ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಹಗುರ ವಾಹನಗಳಿಗೆಂದೇ ಒಂದು ಕೊಂಡಿಯ ಮಾನಕವನ್ನು ಒಪ್ಪಿತು.

ಟೈಪ್ 2ರ ಏಳು ಪಿನ್ನುಗಳಲ್ಲಿ ಎರಡು ಚಿಕ್ಕವು. ಅವು ಇರುವುದು ಮಾತುಕತೆಗೆ. ಗೋಡೆಯ ಪೆಟ್ಟಿಗೆ ಒಂದು ಚಿಕ್ಕ ಪಿನ್ನಿನಲ್ಲಿ 12 ವೋಲ್ಟ್ ಇಟ್ಟುಕೊಂಡು ಕಾಯುತ್ತದೆ. ಕಾರು ಕೂಡಿಕೊಂಡ ಕೂಡಲೇ ಅದರೊಳಗಿನ ರೋಧಕ ಅದನ್ನು 9 ವೋಲ್ಟಿಗೆ ಇಳಿಸುತ್ತದೆ. ಹಾಗೆಂದರೆ 'ನಾನು ಬಂದೆ'. ಮುಂದೆ 6 ವೋಲ್ಟಿಗೆ ಇಳಿದರೆ 'ನಾನು ಸಿದ್ಧ, ಬಿಡು'. ಆಗಷ್ಟೇ ದಪ್ಪ ಪಿನ್ನುಗಳಿಗೆ ವಿದ್ಯುತ್ತು ಬರುತ್ತದೆ. ಪೆಟ್ಟಿಗೆಯೂ ಉತ್ತರ ಕೊಡುತ್ತದೆ: ಸೆಕೆಂಡಿಗೆ 1000 ಸಲ ಮಿಡಿಯುವ ನಾಡಿಯ ಮೂಲಕ. ಮಿಡಿತ ನೂರರಲ್ಲಿ 10 ಪಾಲು ಹೊತ್ತು ಇದ್ದರೆ 'ನೀನು 6 ಆಂಪಿಯರ್ ತಗೋ' ಎಂದರ್ಥ. 50 ಪಾಲು ಇದ್ದರೆ '30 ತಗೋ'. ಕಾರು ಅದನ್ನು ಮೀರುವುದಿಲ್ಲ.

ಟೈಪ್ 1 ಮತ್ತು ಟೈಪ್ 2 ಆಡುವುದು ಈ ಒಂದೇ ಭಾಷೆ. ಬೇರೆಯಾದದ್ದು ಆಕಾರ ಮಾತ್ರ. ಹಾಗಾಗಿ ಅವೆರಡರ ನಡುವಿನ ಒಳ್ಳೆಯ ಅಡಾಪ್ಟರ್, ಪ್ರವಾಹಕ್ಕೆ ತಕ್ಕ ದಪ್ಪದ್ದಾದರೆ, ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತದೆ. ಅಮೆರಿಕದಲ್ಲಿರುವ ನಿಮ್ಮ ನೆಂಟರು ಟೆಸ್ಲಾ ಕಾರನ್ನು ಟೈಪ್ 1 ಪೆಟ್ಟಿಗೆಯಿಂದ ಅಡಾಪ್ಟರ್ ಹಾಕಿ ಚಾರ್ಜ್ ಮಾಡುವುದು ಇದೇ ಕಾರಣದಿಂದ.

ನಮ್ಮಲ್ಲಿ ಬೇಡಿಕೆಯಿರುವುದು ಇನ್ನೊಂದಕ್ಕೆ. ಕಾರಿಗೆಂದು 7200 ವ್ಯಾಟಿನ ಪೆಟ್ಟಿಗೆ ಹಾಕಿಸಿದವರು 'ಇದರಿಂದಲೇ ಸ್ಕೂಟರನ್ನೂ ಚಾರ್ಜ್ ಮಾಡೋಣ' ಎಂದು ಟೈಪ್ 2ರಿಂದ ಮೂರು ಪಿನ್ನಿನ ಸಾಕೆಟ್ಟಿಗೆ ಇಳಿಸುವ ಅಡಾಪ್ಟರ್ ಕೊಳ್ಳುತ್ತಾರೆ. ಅದರೊಳಗೆ ಕಾರಿನ ವೇಷ ಹಾಕಿದ ಒಂದು ರೋಧಕ ಇರುತ್ತದೆ. ಅದು ಸದಾ 'ನಾನು ಸಿದ್ಧ' ಎನ್ನುತ್ತಿರುತ್ತದೆ. ಆ ಸಾಕೆಟ್ಟಿನ ಹಿಂದೆ ಇರುವುದು 32 ಆಂಪಿಯರಿನ ದಾರಿ. ಸ್ಕೂಟರ್ ಎಳೆಯುವ 3 ಆಂಪಿಯರಿಗೆ ಏನೂ ಆಗದು. ಆದರೆ ಯಾರೋ ಅದಕ್ಕೇ ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿ ಹತ್ತಾರು ಉಪಕರಣ ಹಚ್ಚಿದರೆ 16 ಆಂಪಿಯರಿನ ಸಾಕೆಟ್ಟು ಕರಗುತ್ತದೆ, ಹಿಂದಿನ ಎಂಸಿಬಿ ಸುಮ್ಮನಿರುತ್ತದೆ. ಅಕ್ಕನ ಮನೆಯ ಕಥೆಯೇ ಮತ್ತೊಮ್ಮೆ. ಇಂಥದ್ದು ಬೇಕೇ ಬೇಕೆಂದರೆ ಒಳಗೆ ತನ್ನದೇ 16 ಆಂಪಿಯರ್ ಎಂಸಿಬಿಯೋ ಫ್ಯೂಸೋ ಇರುವುದನ್ನೇ ಕೊಳ್ಳಬೇಕು. ಸ್ಕೂಟರಿಗೆ ಗೋಡೆಯಲ್ಲಿ ಬೇರೆ ಸಾಕೆಟ್ಟು ಹಾಕಿಸುವುದು ಅದಕ್ಕಿಂತ ಮೇಲು.

ಎರಡೂ '48 ವೋಲ್ಟ್', ಆದರೂ ಒಂದೇ ಅಲ್ಲ

ಎಲ್ಲಕ್ಕಿಂತ ಅಪಾಯದ ಅದಲುಬದಲು ಯಾವುದು ಗೊತ್ತೆ? ಒಂದು ಸ್ಕೂಟರಿನ ಚಾರ್ಜರನ್ನು ಇನ್ನೊಂದಕ್ಕೆ ಹಾಕುವುದು. ಗೋಡೆಯ ಪ್ಲಗ್ಗಿನ ಅಡಾಪ್ಟರ್ ಕರಗಿದರೆ ಬೋರ್ಡು ಹೋದೀತು. ಇಲ್ಲಿ ಹೋಗುವುದು ಬ್ಯಾಟರಿ.

ಲೀಥಿಯಂ ಬ್ಯಾಟರಿ ಎಂದರೆ ಪುಟ್ಟ ಕೋಶಗಳ ಸರಮಾಲೆ. ಕೋಶಗಳಲ್ಲಿ ಎರಡು ಮುಖ್ಯ ಜಾತಿ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಜಾತಿಗೆ ತುಂಬಿದಾಗ 4.2 ವೋಲ್ಟ್ ಮಿತಿ. ಕಬ್ಬಿಣದ ಫಾಸ್ಫೇಟ್ ಇರುವ ಜಾತಿಗೆ 3.65 ವೋಲ್ಟ್. ಮೊದಲ ಜಾತಿಯ 13 ಕೋಶಗಳ ಮಾಲೆ ಪೂರ್ತಿ ತುಂಬುವುದು 54.6 ವೋಲ್ಟಿಗೆ. ಎರಡನೆಯದರ 16 ಕೋಶಗಳ ಮಾಲೆ 58.4 ವೋಲ್ಟಿಗೆ. ಅಂಗಡಿಯಲ್ಲಿ ಎರಡನ್ನೂ '48 ವೋಲ್ಟ್ ಬ್ಯಾಟರಿ' ಎಂದೇ ಕರೆಯುತ್ತಾರೆ!

ಎರಡನೆಯದರ ಚಾರ್ಜರನ್ನು ಅಡಾಪ್ಟರ್ ಹಾಕಿ ಮೊದಲನೆಯದಕ್ಕೆ ಕೊಟ್ಟರೆ? 58.4ನ್ನು 13ರಿಂದ ಭಾಗಿಸಿ. ಒಂದೊಂದು ಕೋಶದ ಮೇಲೂ ಸುಮಾರು 4.5 ವೋಲ್ಟ್. ಮಿತಿ 4.2 ಎಂದಿದ್ದೆವಲ್ಲ? ಹೊಟ್ಟೆ ತುಂಬಿದ ಮಗುವಿಗೆ ಮತ್ತೂ ತುರುಕಿದಂತೆ ಇದು. ಬ್ಯಾಟರಿಯ ಒಳಗಿನ ರಕ್ಷಣಾ ಮಂಡಲ ಇದನ್ನು ತಡೆಯಬೇಕು, ನಿಜ. ಆದರೆ ಅದು ಕೊನೆಯ ಬೇಲಿ. ಅದೊಂದು ಕೈಕೊಟ್ಟರೆ ಕೋಶ ಬಿಸಿಯಾಗಿ, ಆ ಬಿಸಿಯೇ ಪಕ್ಕದ ಕೋಶಕ್ಕೂ ಹಬ್ಬುತ್ತದೆ. ನೀರು ಚಿಮುಕಿಸಿದರೆ ಆರುವ ಬೆಂಕಿಯಲ್ಲ ಅದು.

2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿಕೊಂಡವು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಹೋಟೆಲೊಂದರ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯಲ್ಲಿ ಬೆಂಕಿ ಎದ್ದು, ಹೊಗೆ ಮೆಟ್ಟಿಲಿನ ದಾರಿಯಲ್ಲಿ ಮೇಲೇರಿ 8 ಮಂದಿ ಸತ್ತರು. ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮವನ್ನು ಸರ್ಕಾರ ಅದೇ ವರ್ಷ ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ತಂದಿತು. ಆದರೆ ಕಂಪನಿಯ ಚಾರ್ಜರ್ ಬಿಟ್ಟು ಸಿಕ್ಕಿದ್ದನ್ನು ಹಾಕುವವರನ್ನು ಯಾವ ನಿಯಮ ಕಾಪಾಡೀತು?

ಹಾಗಾದರೆ ಏನು ಮಾಡಬೇಕು?

ಮನೆಯ ವಿದ್ಯುತ್ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ಇಂಧನ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಹೆದರಬೇಕಾದದ್ದಿಲ್ಲ, ಕ್ರಮ ಬೇಕು.

1. ಕಾರಿಗೆ ಮೇನ್ ಬೋರ್ಡಿನಿಂದಲೇ ಬರುವ ಪ್ರತ್ಯೇಕ ಲೈನು, ಅದರ ತುದಿಯಲ್ಲಿ ಐಎಸ್‌ಐ ಗುರುತಿನ 16 ಆಂಪಿಯರ್ ಸಾಕೆಟ್ಟು ಹಾಕಿಸಿ. ವೈರಿನ ದಪ್ಪವನ್ನು ದೂರಕ್ಕೆ ತಕ್ಕಂತೆ ಪರವಾನಗಿ ಇರುವ ವೈರ್‌ಮನ್ ಲೆಕ್ಕಹಾಕಲಿ. ಆ ಲೈನಿಗೆ ಎಂಸಿಬಿಯ ಜೊತೆ 30 ಮಿಲಿಆಂಪಿಯರಿನ ಆರ್‌ಸಿಸಿಬಿಯೂ ಇರಲಿ. ಎಂಸಿಬಿ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ಜೀವವನ್ನು ಕಾಯುತ್ತದೆ.

2. ಕಾರಿನ ದಾರಿಯಲ್ಲಿ ಅಡಾಪ್ಟರ್, ಮಲ್ಟಿಪ್ಲಗ್, ಎಕ್ಸ್‌ಟೆನ್ಷನ್ ಬೋರ್ಡು ಯಾವುದೂ ಬೇಡ. ಸುರುಳಿ ಸುತ್ತಿದ ವೈರಂತೂ ಬೇಡವೇ ಬೇಡ. ಸುರುಳಿಯೊಳಗೆ ಬಿಸಿ ಹೊರಹೋಗಲು ದಾರಿಯಿರದು.

3. ಚಿಕ್ಕ ಪ್ಲಗ್ಗನ್ನು ದೊಡ್ಡ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಸ್ಕೂಟರಿಗೆ ನಡೆದೀತು. ಅದು ಅರ್ತ್ ಪಿನ್ನಿರುವ, ಬಿಗಿಯಾಗಿ ಕೂರುವ, ಐಎಸ್‌ಐ ಗುರುತಿನದಾಗಿರಬೇಕು.

4. ಪರಊರಿಗೆ ಹೋದಾಗ ಗೊತ್ತಿಲ್ಲದ 16 ಆಂಪಿಯರ್ ಸಾಕೆಟ್ಟು ಸಿಕ್ಕಿದರೆ ಪ್ರವಾಹವನ್ನು ಇಳಿಸಿಕೊಳ್ಳಿ. ಹಲವು ಕಾರುಗಳಲ್ಲಿ, ಕೇಬಲ್ ಪೆಟ್ಟಿಗೆಗಳಲ್ಲಿ 10 ಆಂಪಿಯರಿಗೋ ಅದಕ್ಕಿಂತ ಕೆಳಗೋ ಇಳಿಸುವ ಅನುಕೂಲವಿದೆ. 14.3ರಿಂದ 10ಕ್ಕೆ ಇಳಿಸಿದರೆ ಹೊತ್ತು ಒಂದೂವರೆ ಪಟ್ಟಿನಷ್ಟಾಗುತ್ತದೆ, ಆದರೆ ಶಾಖ ಅರ್ಧಕ್ಕಿಳಿಯುತ್ತದೆ.

5. ಹೊಸ ಸಾಕೆಟ್ಟಿನಲ್ಲಿ ಮೊದಲ ದಿನ ಅರ್ಧ ಗಂಟೆ ಚಾರ್ಜ್ ಮಾಡಿ, ನಿಲ್ಲಿಸಿ, ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಮೈಯನ್ನು ಹಿರಿಯರು ಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ, ಕಂದುಬಣ್ಣ, ವಾಸನೆ – ಒಂದಿದ್ದರೂ ಆ ಸಾಕೆಟ್ಟಿಗೆ ರಜೆ.

6. ಸ್ಕೂಟರನ್ನು ಮೆಟ್ಟಿಲ ಕೆಳಗೆ, ಹೊರಹೋಗುವ ಬಾಗಿಲಿಗೆ ಅಡ್ಡವಾಗಿ ಚಾರ್ಜಿಗೆ ಹಾಕಬೇಡಿ.

7. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಿಮ್ಮ ಮೀಟರಿಗೆ ಮಂಜೂರಾದ ಹೊರೆ ಎಷ್ಟೆಂಬುದು ಬಿಲ್ಲಿನಲ್ಲಿರುತ್ತದೆ. ಕಾರು ಬಂದ ಮೇಲೆ ಅದು ಸಾಲದಿದ್ದರೆ ನಿಮ್ಮ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ: ಮನೆಯ ಉಪಕರಣಗಳ ಮೇಲಿನ ಪಟ್ಟಿಯಲ್ಲಿ ವ್ಯಾಟ್ ಎಷ್ಟಿದೆ ನೋಡಿ, 230ರಿಂದ ಭಾಗಿಸಿ, ಯಾವುದು ಯಾವ ಸಾಕೆಟ್ಟಿನಲ್ಲಿದೆ ಎಂದು ಬರೆಯಿರಿ. ಯಾವುದನ್ನೂ ಬಿಚ್ಚಬೇಡಿ, ಕೀಳಬೇಡಿ, ಓದಿದರೆ ಸಾಕು. 6ನ್ನು ಮೀರಿದ್ದು ಚಿಕ್ಕ ಸಾಕೆಟ್ಟಿನಲ್ಲಿ ಸಿಕ್ಕಿದರೆ ಅಪ್ಪ ಅಮ್ಮನಿಗೆ ತೋರಿಸಿ. ಕಾಗದದ ಮೇಲಿನ ಲೆಕ್ಕಕ್ಕೆ ಅವರೂ ತಲೆಬಾಗುತ್ತಾರೆ.

ಅಕ್ಕನ ಮನೆಯಲ್ಲಿ ಈಗ ಪೋರ್ಟಿಕೋಕ್ಕೆ ಬೇರೆ ಲೈನು ಬಂದಿದೆ. ಮೀಟರ್ ಬೋರ್ಡಿನ ಪಕ್ಕ ಹುಡುಗಿ ಒಂದು ರಟ್ಟು ಅಂಟಿಸಿದ್ದಾಳೆ: 'ಕಾರು 14.3, ಸ್ಕೂಟರ್ 3.3, ಈ ಸಾಕೆಟ್ 16'. ಕರಗಿದ ಅಡಾಪ್ಟರನ್ನು ಎಸೆಯಲು ಅವಳು ಬಿಟ್ಟಿಲ್ಲ. ದಾರದಲ್ಲಿ ಕಟ್ಟಿ ಆ ರಟ್ಟಿನ ಕೆಳಗೆ ನೇತುಹಾಕಿದ್ದಾಳೆ. ಮನೆಗೆ ಬಂದವರೆಲ್ಲ ಅದೇನೆಂದು ಕೇಳುತ್ತಾರಂತೆ. ಭಾವ ಪ್ರತಿಯೊಬ್ಬರಿಗೂ ಕುಳ್ಳಿರಿಸಿ ಕಥೆ ಹೇಳುತ್ತಾರೆ. 'ಕಳಪೆ ಮಾಲು' ಎನ್ನುವುದನ್ನು ಮಾತ್ರ ಬಿಟ್ಟಿದ್ದಾರೆ.